ಥರ್ಮೋಕೋಲ್ ಕತ್ತರಿಸೋ ಬಿಸಿ ತಂತಿ ಕಟರ್: ಓಮ್ ರೇಂಜ್ ಪಕ್ಕಕ್ಕಿಟ್ಟು ವೋಲ್ಟ್, ಆಂಪ್ ಅಳೆದು ಕಟ್ಟಿದ್ದು

ಕಟ್ಟೋ ವಸ್ತು ತುಂಬಾ ಸಿಂಪಲ್. ಯು ಆಕಾರದ ಮರದ ಫ್ರೇಮ್, ಅದರ ಎರಡು ಕೈಗಳ ಮಧ್ಯ ಬಿಗಿಯಾಗಿ ಎಳೆದ 45 ಸೆಂ.ಮೀ. ನೈಕ್ರೋಮ್ (ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ, ಒಂದು 12 ವೋಲ್ಟ್ ಸಪ್ಲೈ, ಒಂದು ಸ್ವಿಚ್, ಒಂದು ಫ್ಯೂಸ್. ತಂತಿಗೆ ಕರೆಂಟ್ ಹರಿಸಿದ್ರೆ ಬಿಸಿ ಆಗತ್ತೆ, ಥರ್ಮೋಕೋಲ್ ಶೀಟನ್ನ ಅದರ ಮೇಲೆ ನಿಧಾನಕ್ಕೆ ತಳ್ಳಿದ್ರೆ ಪುಡಿ ಉದುರದೆ ನುಣುಪಾಗಿ ಸೀಳ್ಕೊಂಡು ಹೋಗತ್ತೆ. ಫ್ರೇಮ್ ಮಾಡೋದು ಏನೂ ಕಷ್ಟ ಇಲ್ಲ, ಕಷ್ಟ ಇರೋದು ತಂತಿಗೆ ಎಷ್ಟು ಪವರ್ ಹೋಗ್ಬೇಕು ಅಂತ ಗೊತ್ತು ಮಾಡ್ಕೊಳ್ಳೋದ್ರಲ್ಲಿ. ಕಮ್ಮಿ ಆದ್ರೆ ತಂತಿ ಶೀಟ್ ಒಳಗೆ ಸಿಕ್ಕಾಕ್ಕೊಂಡು ಬಾಗತ್ತೆ, ಜಾಸ್ತಿ ಆದ್ರೆ ಇನ್ನೂ ತಾಗೋ ಮುಂಚೆನೇ ಶೀಟ್ ಕರಗಿ ಸೀಳು ಅಗಲ ಆಗತ್ತೆ, ಹೊಗೆ ಬೇರೆ.

ಸಾಮಾನ್ಯವಾಗಿ ಎಲ್ರೂ ಮಾಡೋದೇನು ಅಂದ್ರೆ ಮಲ್ಟಿಮೀಟರ್ ಓಮ್‌ಗೆ ಹಾಕಿ ತಂತಿಯ ರೆಸಿಸ್ಟೆನ್ಸ್ ನೋಡೋದು, ಸಪ್ಲೈ ಮೇಲೆ 12 ವೋಲ್ಟ್ ಅಂತ ಬರ್ದಿದೆ ಅಲ್ವಾ ಅಂತ ಸೂತ್ರಕ್ಕೆ ಹಾಕೋದು, ಇಷ್ಟು ವಾಟ್ ಅಂತ ಹೇಳಿ ಮುಗ್ಸೋದು. ನನ್ನ ಪ್ರಕಾರ ಇದು ಉಲ್ಟಾ ದಾರಿ. ವಸ್ತು ಕೆಲಸ ಮಾಡ್ತಾ ಇರುವಾಗ, ಅದರ ಎರಡು ತುದಿಗೇ ಪ್ರೋಬ್ ಇಟ್ಟು ವೋಲ್ಟೇಜ್ ನೋಡಿ, ಅದೇ ಹೊತ್ತಲ್ಲಿ ಕರೆಂಟ್ ನೋಡಿ. ಆ ಎರಡು ಸಂಖ್ಯೆ ಸಿಕ್ಕಿದ್ರೆ ಓಮೂ ಬರತ್ತೆ, ವಾಟೂ ಬರತ್ತೆ, ಎರಡೂ ನಿಜವಾದವು. ಈ ಲಾಗ್ ತುಂಬಾ ಇರೋದು ಅದೇ.

ಸೂತ್ರ ಎಲ್ರಿಗೂ ಗೊತ್ತಿರೋದೇ, ಒಂದ್ಸಲ ಬರ್ದು ಮುಂದೆ ಹೋಗೋಣ. ವೋಲ್ಟನ್ನ ಆಂಪ್‌ನಿಂದ ಭಾಗಿಸಿದ್ರೆ ಓಮ್. ವೋಲ್ಟನ್ನ ಆಂಪ್‌ನಿಂದ ಗುಣಿಸಿದ್ರೆ ವಾಟ್. ಉಳಿದ ಎರಡು ರೂಪ, ಅಂದ್ರೆ ಕರೆಂಟ್ ವರ್ಗ ಗುಣಿಸು ರೆಸಿಸ್ಟೆನ್ಸ್, ವೋಲ್ಟೇಜ್ ವರ್ಗ ಭಾಗಿಸು ರೆಸಿಸ್ಟೆನ್ಸ್, ಇವೆರಡೂ ಅದರಿಂದಲೇ ಹುಟ್ಟಿದ್ದು. ಇಷ್ಟೇ ಬೇಕಾಗಿರೋದು.

(ಇನ್ನು ಮುಂದೆ ತಂತಿ ಅಂದ್ರೆ ನೈಕ್ರೋಮ್, ವೈರ್ ಅಂದ್ರೆ ತಾಮ್ರದ್ದು, ಕನ್ಫ್ಯೂಸ್ ಆಗೋದು ಬೇಡ.)

ಪೇಪರ್ ಮೇಲಿನ ಲೆಕ್ಕ

ತಂತಿಯ ದಪ್ಪ 0.4 ಮಿ.ಮೀ. 80-20 ನೈಕ್ರೋಮ್, ಅಂದ್ರೆ 80 ಭಾಗ ನಿಕ್ಕಲ್ 20 ಭಾಗ ಕ್ರೋಮಿಯಂ ಇರೋದು, ಅದರ ರೆಸಿಸ್ಟಿವಿಟಿ (ಉದ್ದ ದಪ್ಪ ಬಿಟ್ಟು, ಆ ಲೋಹಕ್ಕೇ ಇರೋ ರೆಸಿಸ್ಟೆನ್ಸ್ ಗುಣ) ಸುಮಾರು 1.09, ಯೂನಿಟ್ ಓಮ್ ಚದರ ಮಿ.ಮೀ. ಪ್ರತಿ ಮೀಟರ್‌ಗೆ. ತಾಮ್ರದ್ದು 0.0172, ಅಂದ್ರೆ ಒಂದೇ ಉದ್ದ ಒಂದೇ ದಪ್ಪಕ್ಕೆ ನೈಕ್ರೋಮ್ ಅರವತ್ತು ಪಟ್ಟಿಗಿಂತ ಜಾಸ್ತಿ ರೆಸಿಸ್ಟೆನ್ಸ್. ಬಿಸಿ ತಂತಿಗೆ ಇದನ್ನೇ ಬಳಸೋಕೆ ಅದೊಂದು ಕಾರಣ, ಇನ್ನೊಂದು ಬಿಸಿ ಮಾಡಿದ್ರೆ ಮೇಲ್ಮೈಲಿ ಕ್ರೋಮಿಯಂ ಆಕ್ಸೈಡ್ ಪದರ ಕೂತ್ಕೊಂಡು ಒಳಗಿನ ಲೋಹ ಸುಟ್ಟು ಹೋಗದ ಹಾಗೆ ಕಾಯತ್ತೆ.

0.4 ಮಿ.ಮೀ. ವ್ಯಾಸ ಅಂದ್ರೆ ಕ್ರಾಸ್ ಸೆಕ್ಷನ್ 0.1257 ಚದರ ಮಿ.ಮೀ. 1.09 ಭಾಗಿಸು 0.1257, ಮೀಟರ್‌ಗೆ 8.67 ಓಮ್. 45 ಸೆಂ.ಮೀ.ಗೆ 3.90 ಓಮ್. ನೇರವಾಗಿ 12 ವೋಲ್ಟ್ ಕೊಟ್ರೆ 3.08 ಆಂಪ್, 37 ವಾಟ್ ಹತ್ರ ಬರತ್ತೆ. ಪೇಪರ್ ಮೇಲೆ.

ದಪ್ಪದ ವಿಷಯದಲ್ಲಿ ಹುಷಾರಾಗಿರಿ, ರೆಸಿಸ್ಟೆನ್ಸ್ ವ್ಯಾಸದ ವರ್ಗದ ಮೇಲೆ ನಿಂತಿದೆ, ಹಾಗಾಗಿ ವ್ಯಾಸದಲ್ಲಿ 2 ಪರ್ಸೆಂಟ್ ಹೆಚ್ಚುಕಮ್ಮಿ ಇದ್ರೆ ಓಮ್‌ನಲ್ಲಿ 4 ಪರ್ಸೆಂಟ್ ಆಚೀಚೆ ಆಗತ್ತೆ. ಸಾದಾ ವರ್ನಿಯರ್ ಹಿಡಿದು 0.4 ಮಿ.ಮೀ. ತಂತಿ ಅಳೆದ್ರೆ 2 ಪರ್ಸೆಂಟ್ ಗೊತ್ತೇ ಆಗಲ್ಲ, 0.008 ಮಿ.ಮೀ. ಅದು.

ಓಮ್ ರೇಂಜ್ ಏನು ಹೇಳ್ತು

ಮೀಟರ್ 200 ಓಮ್ ರೇಂಜ್‌ಗೆ ಹಾಕಿ ತಂತಿ ತುದಿಗೆ ಇಟ್ರೆ 4.1. ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿದ್ರೆ 0.3, ಅದು ಪ್ರೋಬ್ ಕೇಬಲ್‌ದು, ಕಳೆದ್ರೆ 3.8. ಈ ರೇಂಜ್‌ನಲ್ಲಿ ಕಡೇ ಅಂಕೆನೇ 0.1 ಓಮ್, ಅದು ಒಂದೆರಡು ಆಚೀಚೆ ಕುಣೀತಾ ಇರತ್ತೆ, ಪ್ರೋಬ್ ಎಷ್ಟು ಒತ್ತಿ ಹಿಡಿದ್ರಿ ಅನ್ನೋದರ ಮೇಲೂ ಬದಲಾಗತ್ತೆ. 4 ಓಮ್ ವಸ್ತುಗೆ 0.2 ಓಮ್ ಡೌಟ್ ಅಂದ್ರೆ 5 ಪರ್ಸೆಂಟ್. ಜೊತೆಗೆ ಓಮ್ ರೇಂಜ್‌ನಲ್ಲಿ ಮೀಟರ್ ತಂತಿಗೆ ಕಳಿಸೋದು ಚಿಕ್ಕ ಕರೆಂಟ್, ಮಿಲಿಆಂಪ್ ಲೆಕ್ಕದ್ದು, ಹಾಗಾಗಿ ಅದು ಅಳೆಯೋದು ತಣ್ಣಗಿರೋ ತಂತೀನ. ನಮಗೆ ಬೇಕಾಗಿರೋದು ಬಿಸಿ ತಂತಿದು.

ನೈಕ್ರೋಮ್‌ನಲ್ಲಿ ಬಿಸಿಗೂ ತಣ್ಣಗೂ ಇರೋ ವ್ಯತ್ಯಾಸ ಕಮ್ಮಿ, ಕೆಲವು ಪರ್ಸೆಂಟ್ ಅಷ್ಟೇ, ಅದಕ್ಕೆ ಜನ ಇದನ್ನ ಗಮನಿಸಲ್ಲ. ಆದ್ರೆ ಇದೇ ಅಭ್ಯಾಸ ಬೇರೆ ಕಡೆ ಹೊತ್ಕೊಂಡು ಹೋದ್ರೆ ಕೆಡತ್ತೆ. ಅಳತೆಗೆ ಇಟ್ಕೊಂಡಿರೋ ಬೆಂಚ್ ಸಪ್ಲೈ (ವೋಲ್ಟೇಜ್, ಕರೆಂಟ್ ಲಿಮಿಟ್ ಎರಡೂ ಬೇಕಾದ ಹಾಗೆ ಸೆಟ್ ಮಾಡ್ಬೋದಾದ್ದು) ಟೆಸ್ಟ್ ಮಾಡೋಕೆ ಮೊದ್ಲು ಲೋಡ್ ಆಗಿ ಹಾಕಿದ್ದು 12 ವೋಲ್ಟ್ 21 ವಾಟ್ ಬಲ್ಬ್, ಗಾಡಿ ಇಂಡಿಕೇಟರ್‌ನಲ್ಲಿ ಬರೋದು. ತಣ್ಣಗಿದ್ದಾಗ ಓಮ್ ರೇಂಜ್‌ನಲ್ಲಿ ಪ್ರೋಬ್‌ದು ಕಳೆದು 0.6 ಆಸುಪಾಸು. ಇದನ್ನ ಸೂತ್ರಕ್ಕೆ ಹಾಕಿ ನೋಡಿ: 12 ವರ್ಗ 144, ಭಾಗಿಸು 0.6, ಬಂತು 240 ವಾಟ್! 21 ವಾಟ್ ಬಲ್ಬ್ 240 ವಾಟ್ ಅಂತೆ. ಉರೀತಾ ಇರುವಾಗ ಬಲ್ಬ್ ತುದಿಲಿ 12.0 ವೋಲ್ಟ್, 1.75 ಆಂಪ್, ಭಾಗಿಸಿದ್ರೆ 6.86 ಓಮ್, ಗುಣಿಸಿದ್ರೆ 21 ವಾಟ್. ಒಂದೇ ಬಲ್ಬ್, ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ, ಯಾಕಂದ್ರೆ ಟಂಗ್‌ಸ್ಟನ್ ಫಿಲಮೆಂಟ್ ಸಾವಿರಾರು ಡಿಗ್ರಿಗೆ ಏರತ್ತೆ, ರೆಸಿಸ್ಟೆನ್ಸ್ ಅದರ ಜೊತೆಗೇ ಏರತ್ತೆ. ಇಲ್ಲಿ ಓಮ್ ರೇಂಜ್ ಸುಳ್ಳು ಹೇಳ್ಲಿಲ್ಲ, ತಣ್ಣಗಿರೋ ಬಲ್ಬ್ ನಿಜವಾಗ್ಲೂ 0.6 ಓಮೇ, ಅದಕ್ಕೇ ಸ್ವಿಚ್ ಹಾಕಿದ ಕ್ಷಣದಲ್ಲಿ ಅದು 20 ಆಂಪ್ ಕೇಳೋದು, ಸಪ್ಲೈ ಕರೆಂಟ್ ಲಿಮಿಟ್‌ಗೆ ಹೋಗಿ ಒಂಚೂರು ತಡವರಿಸಿ ಆಮೇಲೆ ಸರಿ ಹೋಗೋದು.

ತಂತಿಯ ತಣ್ಣಗಿನ ರೆಸಿಸ್ಟೆನ್ಸ್ ಸರಿಯಾಗಿ ಬೇಕು ಅಂದ್ರೂ ದಾರಿ ಇದೇ. ಸಪ್ಲೈನಲ್ಲಿ ಕರೆಂಟ್ 0.200 ಆಂಪ್‌ಗೆ ಲಿಮಿಟ್ ಮಾಡಿ ತಂತಿಗೆ ಕೊಟ್ಟು, ಬೇರೆಯೇ ಎರಡು ಪ್ರೋಬ್ ತಂತಿ ಮೇಲೆ, ಕ್ಲಿಪ್ ಹಾಕಿರೋ ಜಾಗಕ್ಕಿಂತ ಒಳಗೆ ಇಟ್ಟು ವೋಲ್ಟೇಜ್ ಓದಿದ್ರೆ 0.768 ವೋಲ್ಟ್. ಭಾಗಿಸಿದ್ರೆ 3.84 ಓಮ್. ಇಷ್ಟು ಕರೆಂಟ್‌ಗೆ ಇಡೀ ತಂತಿಲಿ 0.15 ವಾಟ್, ಬಿಸಿನೇ ಆಗಲ್ಲ. ಇದನ್ನ ನಾಲ್ಕು ವೈರ್ ಅಳತೆ ಅಂತಾರೆ, ಎರಡು ವೈರ್ ಕರೆಂಟ್ ಒಯ್ಯೋಕೆ, ಎರಡು ವೈರ್ ವೋಲ್ಟೇಜ್ ನೋಡೋಕೆ. ವೋಲ್ಟೇಜ್ ನೋಡೋ ಪ್ರೋಬ್‌ನಲ್ಲಿ ಕರೆಂಟ್ ಹೆಚ್ಚುಕಮ್ಮಿ ಹರಿಯೋದೇ ಇಲ್ಲ, ಮೀಟರ್ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್, ಹಾಗಾಗಿ ಪ್ರೋಬ್ ಕೇಬಲ್ 0.3 ಓಮ್ ಇದ್ರೂ ಅದರಿಂದ ಲೆಕ್ಕ ಕೆಡಲ್ಲ. 3.90 ಪೇಪರ್ ಲೆಕ್ಕ, 3.84 ಅಳತೆ, ದಪ್ಪದಲ್ಲಿ 1 ಪರ್ಸೆಂಟ್‌ಗಿಂತ ಕಮ್ಮಿ ವ್ಯತ್ಯಾಸ ಇದ್ರೂ ಇಷ್ಟು ಬರತ್ತೆ, ಓಕೆ.

ಫುಲ್ 12 ವೋಲ್ಟ್, ಕಾಣೆಯಾದ 0.84 ವೋಲ್ಟ್

ಈಗ ತಂತಿಗೆ ನೇರವಾಗಿ 12. ಸಪ್ಲೈ ಡಿಸ್‌ಪ್ಲೇ ಹೇಳೋದು 12.0 ವೋಲ್ಟ್, 2.79 ಆಂಪ್. ಗುಣಿಸಿದ್ರೆ 33.5 ವಾಟ್, ಭಾಗಿಸಿದ್ರೆ 4.30 ಓಮ್. ತಣ್ಣಗಿದ್ದಾಗ 3.84 ಇದ್ದದ್ದು 4.30 ಅಂದ್ರೆ 12 ಪರ್ಸೆಂಟ್ ಏರಿಕೆ, ನೈಕ್ರೋಮ್ ಅಷ್ಟೆಲ್ಲಾ ಏರಲ್ಲ. ಅಂದ್ಮೇಲೆ ಡಿಸ್‌ಪ್ಲೇ ಹೇಳ್ತಿರೋ 12 ವೋಲ್ಟ್ ಪೂರ್ತಿ ತಂತಿಗೆ ಬರ್ತಿಲ್ಲ.

ಪ್ರೋಬ್ ತಂತಿ ತುದಿಗಳಿಗೇ ಇಟ್ರೆ 11.16 ವೋಲ್ಟ್. ಕರೆಂಟ್ ಅದೇ 2.79, ಸೀರೀಸ್ ಆದ್ರಿಂದ ಎಲ್ಲಿ ಅಳೆದ್ರೂ ಅಷ್ಟೇ. ಹಾಗಾದ್ರೆ ತಂತಿ 4.00 ಓಮ್, 31.1 ವಾಟ್. 3.84 ಇಂದ 4.00, 4 ಪರ್ಸೆಂಟ್ ಏರಿಕೆ, ಇದು ನಂಬೋ ಥರ ಇದೆ. ಉಳಿದ 0.84 ವೋಲ್ಟ್ ದಾರಿಲಿ ಎಲ್ಲೋ ಬಿದ್ದಿದೆ, 2.79 ರಿಂದ ಗುಣಿಸಿದ್ರೆ 2.3 ವಾಟ್ ಎಲ್ಲೋ ಸುಮ್ನೆ ಬಿಸಿ ಆಗ್ತಿದೆ.

ಎಲ್ಲಿ ಅಂತ ಹುಡುಕೋದು ನನಗೆ ಇದರಲ್ಲಿ ಅತೀ ಇಷ್ಟದ ಭಾಗ. ಮೀಟರ್ ಮಿಲಿವೋಲ್ಟ್ ರೇಂಜ್‌ಗೆ, ಕರೆಂಟ್ ಹರೀತಾ ಇರ್ಬೇಕು, ಒಂದು ಪ್ರೋಬ್ ಜಾಯಿಂಟ್‌ನ ಈ ಕಡೆ, ಇನ್ನೊಂದು ಆ ಕಡೆ, ಹೀಗೆ ಸಪ್ಲೈಯಿಂದ ತಂತಿವರೆಗೂ ಒಂದೊಂದೇ ತುಂಡು ನೋಡ್ತಾ ಹೋಗೋದು. ಪ್ಲಸ್ ಕಡೆ ಕೇಬಲ್ 140 ಮಿಲಿವೋಲ್ಟ್, ಮೈನಸ್ ಕಡೆ ಕೇಬಲ್ 130, ಪ್ಲಸ್ ಕಡೆ ಕ್ರೊಕೊಡೈಲ್ ಕ್ಲಿಪ್ 120, ಮೈನಸ್ ಕಡೆ ಕ್ಲಿಪ್ 450. ಕೂಡಿಸಿದ್ರೆ 840, ಲೆಕ್ಕ ಕೂತ್ಕೊಂತು. ಆ ಮೈನಸ್ ಕ್ಲಿಪ್ ಒಂದರಲ್ಲೇ 0.45 ಭಾಗಿಸು 2.79, ಅಂದ್ರೆ 0.16 ಓಮ್, 1.26 ವಾಟ್. ಬೆರಳಿಟ್ರೆ ಎಳ್ಕೊಳ್ಳೋ ಅಷ್ಟು ಬಿಸಿ. ರಬ್ಬರ್ ಬೂಟ್ ಹಿಂದಕ್ಕೆ ಸರಿಸಿ ನೋಡಿದ್ರೆ ವೈರಿನ ಎಳೆಗಳನ್ನ ಬೆಸುಗೆ ಹಾಕದೆ ತಗಡಿನ ಎರಡು ಕಿವಿ ಮಡಚಿ ಒತ್ತಿಟ್ಟಿದ್ದಾರೆ ಅಷ್ಟೇ, ಅದೂ ಅರ್ಧ ಎಳೆಗಳು ಇನ್ಸುಲೇಷನ್ ಮೇಲೆನೇ ಕೂತಿವೆ. ರೆಡಿಮೇಡ್ ಕ್ಲಿಪ್ ಲೀಡ್‌ಗಳಲ್ಲಿ ಇದು ಮಾಮೂಲು, ನೋಡೋಕೆ ವೈರ್ ದಪ್ಪ ಇರತ್ತೆ, ಸುಲಿದ್ರೆ ಒಳಗೆ ನಾಲ್ಕಾರು ಎಳೆ. ಒಂದೆರಡು ಆಂಪ್ ದಾಟಿದ್ರೆ ಈ ಲೀಡ್ ಬಳಸ್ಬೇಡಿ.

ಅದನ್ನೆಲ್ಲಾ ತೆಗೆದು 0.75 ಚದರ ಮಿ.ಮೀ. ವೈರ್, ಹೋಗೋಕೆ ಒಂದು ಮೀಟರ್ ಬರೋಕೆ ಒಂದು ಮೀಟರ್, ತುದಿಗೆ ಕ್ರಿಂಪ್ ಮಾಡಿದ (ಒತ್ತಿ ಕೂರಿಸಿದ) ಲಗ್, ಅಂದ್ರೆ ಬೋಲ್ಟ್‌ಗೆ ಹಾಕೋ ಲೋಹದ ತುದಿ, ಫ್ರೇಮ್ ಮೇಲೆ ನಟ್ಟು ಬೋಲ್ಟು ವಾಷರ್. ಎರಡು ಮೀಟರ್‌ಗೆ 0.046 ಓಮ್ ಆಗ್ಬೇಕು, ಜಾಯಿಂಟ್‌ಗಳ ಸಮೇತ 2 ಆಂಪ್‌ನಲ್ಲಿ ಅಳೆದ್ರೆ ಒಟ್ಟು 110 ಮಿಲಿವೋಲ್ಟ್ ಡ್ರಾಪ್, ಅಂದ್ರೆ 0.055 ಓಮ್, ಸಾಕು. ನೈಕ್ರೋಮ್‌ಗೆ ಬೆಸುಗೆ ಹಾಕೋಕೆ ಹೋಗ್ಬೇಡಿ, ಮೇಲಿರೋ ಆಕ್ಸೈಡ್ ಪದರದಿಂದ ಮಾಮೂಲಿ ಫ್ಲಕ್ಸ್‌ನಲ್ಲಿ ಸೀಸ ಹಿಡಿಯಲ್ಲ, ಹಿಡಿದ್ರೂ ತಂತಿ ಬಿಸಿ ಆದಾಗ ಬಿಟ್ಕೊಳ್ಳತ್ತೆ. ಎರಡು ವಾಷರ್ ಮಧ್ಯ ಒಂದು ಸುತ್ತು ಸುತ್ತಿ ಬಿಗಿ ಮಾಡೋದೇ ಸರಿ.

ಅಂದಹಾಗೆ ಗೆಯಾರ್ಗ್ ಓಮ್ ತನ್ನ ನಿಯಮವನ್ನ 1827ರಲ್ಲಿ ಪ್ರಕಟಿಸಿದಾಗ ಅವನಿಗೂ ಇದೇ ಥರದ ತಲೆನೋವು ಇತ್ತು, ಆಗಿನ ಬ್ಯಾಟರಿಗಳು ಕರೆಂಟ್ ಎಳೀತಿದ್ದ ಹಾಗೆ ಇಳಿದು ಹೋಗ್ತಿದ್ವು, ಅಳತೆ ಒಂದೇ ಥರ ನಿಲ್ತಾ ಇರ್ಲಿಲ್ಲ. ಅದಕ್ಕೆ ಅವನು ಬ್ಯಾಟರಿ ಬಿಟ್ಟು ಬಿಸ್ಮತ್ ಮತ್ತು ತಾಮ್ರ ಸೇರಿಸಿದ ಥರ್ಮೋಕಪಲ್ ತಗೊಂಡ, ಒಂದು ತುದಿ ಕುದಿಯೋ ನೀರಲ್ಲಿ, ಇನ್ನೊಂದು ತುದಿ ಮಂಜುಗಡ್ಡೆಲಿ, ಅದರಿಂದ ಬರೋ ವೋಲ್ಟೇಜ್ ಚಿಕ್ಕದಾದ್ರೂ ಅಲ್ಲಾಡಲ್ಲ. ಕರೆಂಟ್ ವರ್ಗಕ್ಕೆ ತಕ್ಕ ಹಾಗೆ ಶಾಖ ಹುಟ್ಟತ್ತೆ ಅನ್ನೋದನ್ನ ಜೇಮ್ಸ್ ಜೌಲ್ 1841ರಲ್ಲಿ ಪ್ರಕಟಿಸಿದ್ದು. ನಮ್ಮ ಕಟರ್ ಪೂರ್ತಿ ಈ ಇಬ್ಬರ ಮೇಲೆನೇ ನಿಂತಿದೆ.

ಎಷ್ಟು ಬೇಕು

31 ವಾಟ್ ಜಾಸ್ತಿ ಆಯ್ತು. ಕೋಣೆ ಕತ್ತಲು ಮಾಡಿ ನೋಡಿದ್ರೂ ತಂತಿ ಕೆಂಪಗೆ ಕಾಣಲ್ಲ, ಅಂದ್ರೆ 525 ಡಿಗ್ರಿಗಿಂತ ಕೆಳಗೇ ಇದೆ (ಯಾವ ಘನ ವಸ್ತುನೇ ಆಗ್ಲಿ ಕಣ್ಣಿಗೆ ಮಂದ ಕೆಂಪು ಕಾಣೋಕೆ ಶುರು ಆಗೋದು ಆ ಸುಮಾರಿಗೆ), ಆದ್ರೆ ಥರ್ಮೋಕೋಲ್‌ಗೆ ಅಷ್ಟೆಲ್ಲಾ ಬೇಡ, ಪಾಲಿಸ್ಟೈರೀನ್ 100 ಡಿಗ್ರಿ ಹತ್ರನೇ ಮೆತ್ತಗಾಗೋಕೆ ಶುರು ಆಗತ್ತೆ. ತಂತಿ ಅದಕ್ಕಿಂತ ಸಾಕಷ್ಟು ಮೇಲಿರ್ಬೇಕು, ಯಾಕಂದ್ರೆ ಶೀಟ್ ಮುಂದೆ ತಳ್ತಾ ಇದ್ರೆ ಅದು ಶಾಖ ಹೀರ್ತಾನೇ ಇರತ್ತೆ. ವೋಲ್ಟೇಜ್ ಇಳಿಸ್ತಾ ಬಂದು, ಸೀಳು ತಂತಿ ದಪ್ಪಕ್ಕಿಂತ ಸ್ವಲ್ಪ ಮಾತ್ರ ಅಗಲ ಇರೋ, ಹೊಗೆ ಕಾಣದ, ಬೆರಳಲ್ಲಿ ಮೆತ್ತಗೆ ತಳ್ಳಿದ್ರೆ ಸಾಕಾಗೋ ಜಾಗ ಹುಡುಕಿದ್ರೆ 2 ಆಂಪ್ ಹತ್ರ ಬಂತು. 2.00 ಆಂಪ್, ತಂತಿ ತುದಿಲಿ 7.88 ವೋಲ್ಟ್. 3.94 ಓಮ್, 15.8 ವಾಟ್, ಸೆಂ.ಮೀ.ಗೆ 0.35 ವಾಟ್. ಇದೇ ಟಾರ್ಗೆಟ್.

ಈಗ 12 ವೋಲ್ಟ್‌ನಿಂದ ಇಲ್ಲಿಗೆ ಹೇಗೆ ಬರೋದು ಅಂತ. ಬೆಂಚ್ ಸಪ್ಲೈಯನ್ನ ಕಟರ್‌ಗೇ ಕಟ್ಟಿ ಹಾಕೋಕೆ ಆಗಲ್ಲ, ಫಿಕ್ಸೆಡ್ 12 ವೋಲ್ಟ್ ಅಡಾಪ್ಟರ್‌ನಲ್ಲಿ ಓಡ್ಬೇಕು.

ಸೀರೀಸ್ ರೆಸಿಸ್ಟರ್ ಅತೀ ಸುಲಭದ್ದು. ತಂತಿಗೆ 7.88 ಬೇಕು, ಉಳಿದ 4.12 ವೋಲ್ಟ್ ರೆಸಿಸ್ಟರ್ ತಿನ್ಬೇಕು, 2 ಆಂಪ್‌ಗೆ 2.06 ಓಮ್. ಸಿಗೋ ಸ್ಟ್ಯಾಂಡರ್ಡ್ ಬೆಲೆ 2.2 ಓಮ್, ಅದಕ್ಕೆ 12 ಭಾಗಿಸು 6.14, ಅಂದ್ರೆ 1.95 ಆಂಪ್, ನಡೆಯತ್ತೆ. ರೆಸಿಸ್ಟರ್‌ನಲ್ಲಿ 1.95 ವರ್ಗ ಗುಣಿಸು 2.2, 8.4 ವಾಟ್. 10 ವಾಟ್ ರೆಸಿಸ್ಟರ್ ಹಾಕಿದ್ರೆ ಲೆಕ್ಕದಲ್ಲಿ ಪಾಸು, ಆದ್ರೆ ಆ 10 ವಾಟ್ ರೇಟಿಂಗ್ ಅಂದ್ರೆ ಮುಟ್ಟೋಕಾಗದಷ್ಟು ಬಿಸಿ ಆದ್ರೂ ಬದುಕತ್ತೆ ಅಂತ ಅರ್ಥವೇ ಹೊರತು ತಣ್ಣಗಿರತ್ತೆ ಅಂತಲ್ಲ. ಮರದ ಫ್ರೇಮ್ ಮೇಲೆ ಅದನ್ನ ಕೂರಿಸೋಕೆ ಮನಸ್ಸಾಗ್ಲಿಲ್ಲ. ಬೇಕಾದ್ರೆ 25 ವಾಟ್‌ದು, ಅಲ್ಯುಮಿನಿಯಂ ಕವಚ ಇರೋದು, ತಗಡಿಗೆ ಸ್ಕ್ರೂ ಮಾಡಿ ಇಡ್ಬೋದು (ತಗಡಿಲ್ಲದೆ ಅದಕ್ಕೂ 25 ತಡೆಯೋ ಶಕ್ತಿ ಇಲ್ಲ). ಆದ್ರೂ ಸಪ್ಲೈಯಿಂದ ಬರೋ ಪವರ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದಂಡ.

ಪಿಡಬ್ಲ್ಯೂಎಂ ಮಾಡ್ಯೂಲ್: ಇಲ್ಲಿ ಮೀಟರ್ ಕಣ್ಣಿಗೆ ಮಣ್ಣು

ಎಲ್ಇಡಿ ಡಿಮ್ಮರ್, ಮೋಟರ್ ಸ್ಪೀಡ್ ಕಂಟ್ರೋಲರ್ ಅಂತ ಬರೋ ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್) ಬೋರ್ಡ್ ಹೆಚ್ಚಿನವರು ಬಳಸೋದು. ಇದು ವೋಲ್ಟೇಜ್ ಇಳಿಸಲ್ಲ, 12 ವೋಲ್ಟನ್ನೇ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡತ್ತೆ. ಅರ್ಧ ಹೊತ್ತು ಆನ್ ಅರ್ಧ ಹೊತ್ತು ಆಫ್ ಇಟ್ಟು, ಮೀಟರ್ ಡಿಸಿ ವೋಲ್ಟ್‌ನಲ್ಲಿ ತಂತಿ ತುದಿಗೆ ಇಟ್ರೆ ತೋರ್ಸೋದು 6 ವೋಲ್ಟ್ ಹತ್ರ, ಡಿಸಿ ಆಂಪ್‌ನಲ್ಲಿ 1.5 ಹತ್ರ. ಗುಣಿಸಿದ್ರೆ 9 ವಾಟ್. ಆದ್ರೆ ತಂತಿ ನೋಡಿದ್ರೆ ಡಿಸಿಲಿ 15.8 ವಾಟ್ ಕೊಟ್ಟಾಗ ಇದ್ದದ್ದಕ್ಕಿಂತ ಬಿಸಿ, ಸೀಳು ಇನ್ನೂ ಅಗಲ!

ಕಾರಣ ಇಷ್ಟೇ. ಆನ್ ಇರುವಾಗ ತಂತಿಗೆ ಪೂರ್ತಿ 12 ವೋಲ್ಟ್, 3 ಆಂಪ್, 36 ವಾಟ್. ಆಫ್ ಇರುವಾಗ ಸೊನ್ನೆ. ಅರ್ಧ ಹೊತ್ತು 36, ಅರ್ಧ ಹೊತ್ತು 0, ಸರಾಸರಿ 18 ವಾಟ್. ಮೀಟರ್ ಏನು ಮಾಡ್ತು ಅಂದ್ರೆ ವೋಲ್ಟೇಜ್‌ಗೊಂದು ಸರಾಸರಿ, ಕರೆಂಟ್‌ಗೊಂದು ಸರಾಸರಿ ಬೇರೆ ಬೇರೆ ತೆಗೀತು, ಆ ಎರಡು ಸರಾಸರಿ ಗುಣಿಸಿದ್ರೆ ಪವರ್‌ನ ಸರಾಸರಿ ಬರಲ್ಲ. ಆನ್ ಭಾಗ ಅರ್ಧ ಇದ್ರೆ ಉತ್ತರ ಅರ್ಧಕ್ಕೆ ಇಳೀತು, ಕಾಲು ಭಾಗ ಇದ್ರೆ ಕಾಲಿಗೆ ಇಳಿಯತ್ತೆ. ತಮಾಷೆ ಅಂದ್ರೆ ಭಾಗಿಸಿದ್ರೆ ಮಾತ್ರ ಸರಿ ಬರತ್ತೆ, 6 ಭಾಗಿಸು 1.5, 4 ಓಮ್, ಯಾಕಂದ್ರೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿವೆ. ಓಮ್ ಸರಿ ಬಂತಲ್ಲ ಅಂತ ವಾಟ್ ಕೂಡ ನಂಬಿದ್ರೆ ಮುಗೀತು ಕಥೆ. ಈ ಮೀಟರ್ ನಂಬ್ಕೊಂಡು 2 ಆಂಪ್‌ಗೆ ಸೆಟ್ ಮಾಡಿದ್ರೆ ಮೂರರಲ್ಲಿ ಎರಡು ಭಾಗ ಆನ್ ಇರತ್ತೆ, ನಿಜವಾದ ಪವರ್ 24 ವಾಟ್, ಟಾರ್ಗೆಟ್‌ಗಿಂತ ಅರ್ಧದಷ್ಟು ಜಾಸ್ತಿ.

ಟ್ರೂ ಆರ್‌ಎಂಎಸ್ ಮೀಟರ್ (ಏರಿಳಿಯೋ ವೋಲ್ಟೇಜ್ ನಿಜವಾಗ್ಲೂ ಎಷ್ಟು ಶಾಖ ಕೊಡತ್ತೆ ಅನ್ನೋ ಲೆಕ್ಕದಲ್ಲಿ ಓದೋದು) ಇದೆ ನಂದು ಅಂದ್ರೂ ನೋಡ್ಕೊಳ್ಳಿ, ಅವುಗಳಲ್ಲಿ ಹೆಚ್ಚಿನವು ಎಸಿ ರೇಂಜ್‌ನಲ್ಲಿ ಡಿಸಿ ಭಾಗವನ್ನ ತಡೆದು ಉಳಿದದ್ದನ್ನ ಮಾತ್ರ ತೋರಿಸ್ತಾವೆ. ಡಿಸಿಲಿ ಓದಿದ್ದು 6, ಎಸಿಲಿ ಓದಿದ್ದು 6, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದ್ರೆ 8.49 ವೋಲ್ಟ್, ಅದರ ವರ್ಗ 72, ಭಾಗಿಸು 4 ಓಮ್, 18 ವಾಟ್. ಸರಿ ಬಂತು. ಆದ್ರೆ ಮೀಟರ್ ಎಸಿ ರೇಂಜ್ ಅಷ್ಟು ಫ್ರೀಕ್ವೆನ್ಸಿವರೆಗೂ ಕೆಲಸ ಮಾಡ್ಬೇಕು, ಸಾದಾ ಮೀಟರ್‌ಗಳು ಕೆಲವು ನೂರು ಹರ್ಟ್ಜ್ ದಾಟಿದ್ರೆ ಕೈ ಎತ್ತತಾವೆ.

ಅದಕ್ಕಿಂತ ಸುಲಭದ ಉಪಾಯ ಮೀಟರ್ ಜಾಗ ಬದಲಾಯಿಸೋದು. ಮಾಡ್ಯೂಲ್‌ನ ಔಟ್‌ಪುಟ್ ಬಿಟ್ಟು ಇನ್‌ಪುಟ್ ಕಡೆ ಅಳೀರಿ. ಅಲ್ಲಿ ವೋಲ್ಟೇಜ್ ಸ್ಥಿರವಾಗಿ 12, ಕರೆಂಟ್ ಸರಾಸರಿ 1.5, ಗುಣಿಸಿದ್ರೆ 18. ಎರಡರಲ್ಲಿ ಒಂದು ಸ್ಥಿರವಾಗಿದ್ರೆ ಇನ್ನೊಂದರ ಸರಾಸರಿ ತಗೊಂಡ್ರೂ ಗುಣಾಕಾರ ತಪ್ಪಲ್ಲ. ಮಾಡ್ಯೂಲ್ ಒಳಗೆ ಹೋಗೋ ನಷ್ಟ ಇದ್ರಲ್ಲಿ ಸೇರಿರತ್ತೆ, ಆದ್ರೆ ಒಳ್ಳೆ ಮಾಸ್ಫೆಟ್ (ಆನ್ ಆಫ್ ಮಾಡೋ ಟ್ರಾನ್ಸಿಸ್ಟರ್) ಇದ್ರೆ ಅದು ಚಿಲ್ರೆ.

ಕೊನೆಗೆ ಹಾಕಿದ್ದು: ಕರೆಂಟ್ ಲಿಮಿಟ್ ಇರೋ ಬಕ್ ಕನ್ವರ್ಟರ್

ಪಿಡಬ್ಲ್ಯೂಎಂ ತಪ್ಪಲ್ಲ, ಆದ್ರೂ ನಾನು ಬಕ್ ಕನ್ವರ್ಟರ್ (ಡಿಸಿ ವೋಲ್ಟೇಜ್ ಇಳಿಸೋ ಬೋರ್ಡ್) ಹಾಕಿದೆ, ಎರಡು ಟ್ರಿಮ್ ಪಾಟ್ (ತಿರುಗಿಸಿ ಸೆಟ್ ಮಾಡೋ ಪುಟ್ಟ ಸ್ಕ್ರೂ) ಇರೋದು, ಒಂದು ವೋಲ್ಟೇಜ್‌ಗೆ ಒಂದು ಕರೆಂಟ್‌ಗೆ. ಔಟ್‌ಪುಟ್ ಸ್ಮೂತ್ ಡಿಸಿ, ಮೀಟರ್ ಓದಿದ್ದೇ ನಿಜ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತಂತಿ ಎಷ್ಟು ಬಿಸಿ ಆಗತ್ತೆ ಅನ್ನೋದು ಸೆಂ.ಮೀ.ಗೆ ಎಷ್ಟು ವಾಟ್ ಅನ್ನೋದರ ಮೇಲೆ, ಅದು ಕರೆಂಟ್ ವರ್ಗ ಗುಣಿಸು ಸೆಂ.ಮೀ.ಗೆ ಇರೋ ಓಮ್, ಇದರಲ್ಲಿ ಉದ್ದದ ಮಾತೇ ಇಲ್ಲ. ಕರೆಂಟ್ 2 ಆಂಪ್‌ಗೆ ಕಟ್ಟಿಬಿಟ್ರೆ 45 ಸೆಂ.ಮೀ. ಇರ್ಲಿ 25 ಇರ್ಲಿ ಬಿಸಿ ಒಂದೇ. ವೋಲ್ಟೇಜ್ ಸ್ಥಿರವಾಗಿಟ್ಟು ತಂತಿ ಅರ್ಧ ಮಾಡಿದ್ರೆ ಕರೆಂಟ್ ಎರಡು ಪಟ್ಟು, ಸೆಂ.ಮೀ.ಗೆ ವಾಟ್ ನಾಲ್ಕು ಪಟ್ಟು, ತಂತಿ ಕೆಂಪಾಗಿ ಕಿತ್ಕೊಂಡು ಹೋಗತ್ತೆ. ಚಿಕ್ಕ ಕೆಲಸಕ್ಕೆ ಚಿಕ್ಕ ಫ್ರೇಮ್ ಬದಲಾಯಿಸೋ ಪ್ಲಾನ್ ಇದ್ದದ್ದರಿಂದ ಇದು ನನಗೆ ಮುಖ್ಯ. ಸೇಫ್ಟಿಗೆ ವೋಲ್ಟೇಜ್ ಪಾಟನ್ನೂ 9 ಹತ್ರ ನಿಲ್ಲಿಸಿದೀನಿ.

ಕರೆಂಟ್ ನೋಡೋಕೆ ಪ್ರತಿ ಸಲ ವೈರ್ ಬಿಚ್ಚಿ ಮೀಟರ್ ಸೀರೀಸ್‌ನಲ್ಲಿ ಹಾಕೋದು ಬೇಜಾರು, ಅದಕ್ಕೆ ಮೈನಸ್ ದಾರಿಲಿ ಖಾಯಂ ಆಗಿ 0.1 ಓಮ್ 1 ಪರ್ಸೆಂಟ್ 5 ವಾಟ್ ರೆಸಿಸ್ಟರ್ ಒಂದು ಕೂರಿಸಿದೆ, ಶಂಟ್ ಅಂತಾರೆ. 2 ಆಂಪ್ ಹರಿದ್ರೆ ಅದರ ಮೇಲೆ 0.2 ವೋಲ್ಟ್, ಮೀಟರ್‌ನಲ್ಲಿ 200 ಮಿಲಿವೋಲ್ಟ್, ನೂರರಿಂದ ಭಾಗಿಸಿದ್ರೆ ಆಂಪ್. ಅದು ತಿನ್ನೋದು 0.4 ವಾಟ್, ಬೆಚ್ಚಗೂ ಆಗಲ್ಲ.

ಇದರಿಂದ ಅಳತೆನೂ ಸುಧಾರಿಸ್ತು. ಸಾದಾ ಮೀಟರ್ 10 ಆಂಪ್ ರೇಂಜ್‌ನಲ್ಲಿ ಸ್ಪೆಕ್ ಹೆಚ್ಚುಕಮ್ಮಿ 2 ಪರ್ಸೆಂಟ್ ಮತ್ತು 5 ಅಂಕೆ (ಅಂದ್ರೆ ಕಡೇ ಅಂಕೆಲಿ 5 ಆಚೀಚೆ) ಅಂತ ಇದ್ರೆ, 2.00 ಓದುವಾಗ 0.04 ಮತ್ತು 0.05 ಸೇರಿ 0.09 ಆಂಪ್ ಡೌಟ್, 4.5 ಪರ್ಸೆಂಟ್. ಪವರ್‌ಗೆ ಕರೆಂಟ್ ವರ್ಗ ಮಾಡಿದ್ರೆ ಅದು 9 ಪರ್ಸೆಂಟ್ ಆಗತ್ತೆ. ಶಂಟ್‌ನಲ್ಲಿ ರೆಸಿಸ್ಟರ್‌ದು 1 ಪರ್ಸೆಂಟ್, ಮೀಟರ್‌ನ ಡಿಸಿ ವೋಲ್ಟ್ ರೇಂಜ್‌ದು ಸುಮಾರು ಅರ್ಧ ಪರ್ಸೆಂಟ್, ಎರಡೂ ಸೇರಿ 2 ಒಳಗೆ. ಒಂದೇ ಮೀಟರ್, ಆದ್ರೂ ಎರಡು ಪಟ್ಟಿಗಿಂತ ನಿಖರ. 10 ಆಂಪ್ ಸಾಕೆಟ್‌ನಲ್ಲಿ ಪ್ರೋಬ್ ಮರೆತು ಆಮೇಲೆ ವೋಲ್ಟ್ ನೋಡೋಕೆ ಹೋಗಿ ಸಪ್ಲೈ ಶಾರ್ಟ್ ಮಾಡೋ ಅಪಾಯವೂ ತಪ್ಪಿತು.

ತಂತಿ ಸಡಿಲ ಆಗೋದು

ಇದು ಕರೆಂಟ್ ಲೆಕ್ಕ ಅಲ್ಲ, ಆದ್ರೂ ಬರೀಲೇಬೇಕು. ನೈಕ್ರೋಮ್ ಡಿಗ್ರಿಗೆ ಮೀಟರ್‌ಗೆ 14 ಮೈಕ್ರೋಮೀಟರ್ ಹತ್ರ ಹಿಗ್ಗತ್ತೆ. 45 ಸೆಂ.ಮೀ.ಗೆ 280 ಡಿಗ್ರಿ ಏರಿದ್ರೆ 1.8 ಮಿ.ಮೀ. ಉದ್ದ ಆಗತ್ತೆ. ಅಷ್ಟೇನಾ ಅನ್ಸತ್ತೆ, ಆದ್ರೆ ಎರಡು ತುದಿ ಗಟ್ಟಿಯಾಗಿ ಕಟ್ಟಿದ್ರೆ ಆ 1.8 ಮಿ.ಮೀ. ಮಧ್ಯದಲ್ಲಿ 17 ಮಿ.ಮೀ. ಜೋತು ಬೀಳತ್ತೆ. ಅದಕ್ಕೆ ಒಂದು ತುದಿಲಿ ಸ್ಪ್ರಿಂಗ್ ಬೇಕೇ ಬೇಕು. ಸ್ಪ್ರಿಂಗ್ ಮೂಲಕ ಕರೆಂಟ್ ಹರಿಸ್ಬೇಡಿ, ಅದೂ ಬಿಸಿ ಆಗಿ ಬಿಗಿ ಕಳ್ಕೊಳ್ಳತ್ತೆ, ಜೊತೆಗೆ ಅದರ ರೆಸಿಸ್ಟೆನ್ಸ್ ಲೆಕ್ಕಕ್ಕೆ ಸೇರ್ಕೊಳ್ಳತ್ತೆ. ತಂತಿ ಮತ್ತು ಸ್ಪ್ರಿಂಗ್ ಮಧ್ಯ ಬೋಲ್ಟ್ ಹಾಕಿ, ವೈರಿನ ಲಗ್ ಆ ಬೋಲ್ಟ್‌ಗೆ, ಬೋಲ್ಟ್ ಸ್ಪ್ರಿಂಗ್‌ಗೆ, ಸ್ಪ್ರಿಂಗ್ ಮರಕ್ಕೆ.

ಫ್ಯೂಸ್ 3 ಆಂಪ್, ಅಡಾಪ್ಟರ್ ಪ್ಲಸ್‌ನಿಂದ ಬಂದ ತಕ್ಷಣ. ಸ್ವಿಚ್ ಕಾಲಲ್ಲಿ ಒತ್ತೋದು, ಕಾಲು ತೆಗೆದ್ರೆ ಆಫ್. ಕಿಟಕಿ ತೆಗೆದಿಟ್ಟು, ಗಾಳಿ ಹೊರಗೆ ಹೋಗೋ ಹಾಗೆ ಫ್ಯಾನ್ ಇಟ್ಕೊಂಡೇ ಕತ್ತರಿಸಿ, ಬಿಸಿ ಪಾಲಿಸ್ಟೈರೀನ್‌ನಿಂದ ಸ್ಟೈರೀನ್ ಆವಿ ಬರತ್ತೆ. ಪಿವಿಸಿ ಫೋಮ್ ಬೋರ್ಡ್ ಮಾತ್ರ ಈ ತಂತಿಗೆ ತಾಗಿಸ್ಲೇಬೇಡಿ, ಹೈಡ್ರೋಜನ್ ಕ್ಲೋರೈಡ್ ಬಿಡತ್ತೆ.

ಈಗಿನ ರೀಡಿಂಗ್: ಶಂಟ್ ಮೇಲೆ 200 ಮಿಲಿವೋಲ್ಟ್, ತಂತಿ ತುದಿಲಿ 7.88 ವೋಲ್ಟ್, ಐದು ಸೆಂ.ಮೀ. ದಪ್ಪದ ಶೀಟ್ ಸಲೀಸಾಗಿ ಹೋಗ್ತಿದೆ. ಮುಂದೆ ಸಣ್ಣ ಅಕ್ಷರ ಕತ್ತರಿಸೋಕೆ 0.3 ಮಿ.ಮೀ. ತಂತಿ ಹಾಕೋದು ಬಾಕಿ ಇದೆ. ಅದು ಮೀಟರ್‌ಗೆ 15.4 ಓಮ್, 45 ಸೆಂ.ಮೀ.ಗೆ 6.94. ಮೇಲ್ಮೈಯ ಚದರ ಸೆಂ.ಮೀ.ಗೆ ಇಷ್ಟೇ ವಾಟ್ ಬರ್ಬೇಕು ಅಂದ್ರೆ ಒಟ್ಟು ಪವರ್ ವ್ಯಾಸದ ಲೆಕ್ಕದಲ್ಲಿ ಮುಕ್ಕಾಲಿಗೆ ಇಳಿಯತ್ತೆ, 11.8 ವಾಟ್ ಹತ್ರ, ಅದಕ್ಕೆ 1.3 ಆಂಪ್, 9 ವೋಲ್ಟ್. ತೆಳ್ಳಗಿನ ತಂತಿ ಗಾಳಿಗೆ ಶಾಖ ಬೇಗ ಬಿಟ್ಕೊಡೋದ್ರಿಂದ ಸ್ವಲ್ಪ ಜಾಸ್ತಿನೇ ಬೇಕಾಗ್ಬೋದು, ಹಾಗಾಗಿ ವೋಲ್ಟೇಜ್ ಪಾಟನ್ನ 9 ರಿಂದ 10.5ಕ್ಕೆ ಏರಿಸಿ, ಕರೆಂಟ್ ಪಾಟ್ 1.3 ಇಂದ ಶುರು ಮಾಡಿ ಒಂದೊಂದೇ ಹೆಜ್ಜೆ ಮೇಲಕ್ಕೆ ಹೋಗೋದು.